ಎರಡೇ ತಿಂಗಳಿಗೆ ಹರಿದ ಬುಷ್

ಎರಡು ತಿಂಗಳ ಹಿಂದಷ್ಟೇ ಹೊಸ ಬುಷ್ ಹಾಕಿ ಕಳಿಸಿದ್ದ ಗಾಡಿ ಮತ್ತೆ ಅದೇ ಸದ್ದು ಮಾಡುತ್ತಿದೆಯೆಂದು ತಿಳಿದಾಗ ಭೀಮರಾಜು ಕಾರಣ ಹುಡುಕುವ ಮೊದಲೇ ಅಪರಾಧಿಯನ್ನು ಹುಡುಕಿಬಿಟ್ಟಿದ್ದ. ಮಧುಗಿರಿಯಲ್ಲಿ ಇಪ್ಪತ್ತು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದವನ ಮಾತಿಗೆ ಬೆಲೆಯಿತ್ತು. ಶಿರಾದ ಬಿಡಿಭಾಗಗಳ ವ್ಯಾಪಾರಿ ಮೋಹನ್ ಕುಮಾರ್ ಕೊಟ್ಟ ಮಾಲೇ ನಕಲಿ ಎಂದು ಅವನು ಫೋನಿನಲ್ಲಿ ಹೇಳಿದ್ದನ್ನು ನಂಬಿ, ಗಾಡಿಯ ಒಡತಿ, ಶಾಲಾ ಶಿಕ್ಷಕಿ ಶ್ರೀಲತಾ, ತನ್ನ ಸಹಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಲು ಎಚ್ಚರಿಕೆಯ ಬರಹವೊಂದನ್ನು ಸಿದ್ಧಪಡಿಸಿಕೊಂಡೇ ಬಂದಿದ್ದಳು. ಮಿಡಿಗೇಶಿಯಿಂದ ವಳ್ಳೂರಿನ ಶಾಲೆಗೆ ದಿನವೂ ಆ ಚಿಕ್ಕ ಎಸ್‌ಯುವಿಯಲ್ಲೇ ಅವಳ ಓಡಾಟ. ಹರಿದ ಬುಷ್‌ನ ಫೋಟೊ ಒಂದು ಬಾಕಿ; ಅದು ಹೊರಟಿತೆಂದರೆ ಸಂಜೆಯೊಳಗೆ ಮೋಹನ್ ಕುಮಾರನ ಹೆಸರು ಮಣ್ಣುಪಾಲು.

ಭೀಮರಾಜು ಚಕ್ರವನ್ನು ಗಾಡಿಗೆ ಕೂಡಿಸುವ ಕಬ್ಬಿಣದ ತೋಳನ್ನು ಬಿಚ್ಚಿದ. ಅದರ ಬುಡದಲ್ಲಿ ಕೂತ ರಬ್ಬರಿನ ಬಳೆಯೇ ಬುಷ್. ರಸ್ತೆಯ ಪೆಟ್ಟನ್ನೆಲ್ಲ ನುಂಗಿ ಸುಮ್ಮನಿರುವುದು ಅದರ ಕಸುಬು. ಒರೆಸಿ ಬೆಳಕಿಗೆ ಹಿಡಿದ. ನಕಲಿ ರಬ್ಬರಾಗಿದ್ದರೆ ಪುಡಿಯಾಗಿ ಉದುರಬೇಕಿತ್ತು. ಇದು ಇನ್ನೂ ಹೊಸದರಂತೆ ಕಪ್ಪಗಿತ್ತು. ಬಿರುಕು ಮಾತ್ರ ಹಿಂಡಿದ ಬಟ್ಟೆಯಂತೆ ಒಂದೇ ದಿಕ್ಕಿಗೆ ತಿರುಚಿಕೊಂಡಿತ್ತು. ಇನ್ನೊಂದು ಬದಿಯದೂ ಹಾಗೆಯೇ.

ಆಗ ಅವನಿಗೆ ಎರಡು ತಿಂಗಳ ಹಿಂದೆ ಬುಷ್ ಹಾಕಿದ ದಿನದ ಅವಸರ ನೆನಪಾಯಿತು. ಗಾಡಿ ಜಾಕಿನ ಮೇಲೆ, ಚಕ್ರಗಳು ಗಾಳಿಯಲ್ಲಿ ನೇತಾಡುತ್ತಿದ್ದಾಗಲೇ ತೋಳಿನ ಬೋಲ್ಟನ್ನು ಪೂರಾ ಬಿಗಿದಿದ್ದ. ಗಾಡಿ ನೆಲಕ್ಕಿಳಿದು ತೋಳು ಮೇಲೆದ್ದ ಗಳಿಗೆಯಿಂದಲೇ, ಬೋಲ್ಟು ಅಲುಗದಂತೆ ಹಿಡಿದಿದ್ದ ರಬ್ಬರು ತಿರುಚಿಕೊಂಡು ನಿಂತಿತ್ತು. ವಳ್ಳೂರಿನ ದಾರಿಯ ಒಂದೊಂದು ಹಳ್ಳವೂ ಅದನ್ನು ಇನ್ನಷ್ಟು ಹಿಂಡಿತ್ತು.

ಶ್ರೀಲತಾ ಫೋನು ಹಿಡಿದು, ಸ್ವಲ್ಪ ಈ ಕಡೆ ತಿರುಗಿಸಿ ಎಂದಳು. ತಿರುಗಿಸಿದ್ದರೆ ಮುಗಿದಿತ್ತು, ತಪ್ಪು ಮೋಹನ್ ಕುಮಾರನದೇ ಆಗಿ ಉಳಿಯುತ್ತಿತ್ತು. ಆ ಬಿರುಕನ್ನು ಓದಬಲ್ಲವರು ಅಲ್ಲಿ ಇನ್ನಾರೂ ಇರಲಿಲ್ಲ.

"ಫೋಟೊ ಬ್ಯಾಡಿ ಮೇಡಂ. ಮಾಲು ಸರಿಯಾಗೈತೆ. ತಪ್ಪು ನಂದು, ಗಾಡಿ ನೇತಾಡ್ತಿರುವಾಗ್ಲೇ ಟೈಟ್ ಮಾಡ್ಬುಟ್ಟಿದ್ದೆ."

"ಮತ್ತೆ ನಕಲಿ ಅಂತ ಅಷ್ಟು ಗಟ್ಟಿಯಾಗಿ ಹೇಳಿದ್ರಲ್ಲಣ್ಣ?"

"ನೋಡ್ದಲೇ ಹೇಳ್ದೆ."

"ನಮ್ಮ ಐದನೇ ಕ್ಲಾಸಿನೋವೂ ಹಿಂಗೇ. ಲೆಕ್ಕ ಮಾಡೋಕೆ ಮೊದ್ಲೇ ಉತ್ತರ ಬರ್ದಿರ್ತವೆ," ಎಂದು ಅವಳು ಬರಹವನ್ನು ಅಳಿಸಿದಳು.

ಭೀಮರಾಜು ಶಿರಾಕ್ಕೆ ಫೋನು ಮಾಡಿ ಅದೇ ಬುಷ್ ಕೇಳಿದ. ಇಷ್ಟು ಬೇಗ ಯಾಕೆಂದು ಮೋಹನ್ ಕುಮಾರ್ ಕೇಳಿದಾಗ, ಅವಳೆದುರಿನಲ್ಲೇ ಎರಡನೆಯ ಸಲವೂ ತಪ್ಪೊಪ್ಪಿಕೊಂಡ.

ಮಧ್ಯಾಹ್ನದ ಬಸ್ಸಿಗೆ ಮಾಲು ಬಂತು. ಬೋಲ್ಟನ್ನು ಕೈಯಲ್ಲೇ ಸಡಿಲವಾಗಿ ಕೂರಿಸಿ, ಗಾಡಿ ಇಳಿಸಿ, ಭಾರವೆಲ್ಲ ಚಕ್ರಗಳ ಮೇಲೆ ಕೂತ ನಂತರ ಅವನು ಗ್ಯಾರೇಜಿನ ಗುಂಡಿಗಿಳಿದು ಕೆಳಗಿನಿಂದ ಬಿಗಿದ. ಶ್ರೀಲತಾ ಬಗ್ಗಿ ನೋಡುತ್ತಲೇ ಇದ್ದಳು. ಅವನು ಬೇಡವೆನ್ನಲಿಲ್ಲ.