ಬಂದೂಕಿನ ತಪ್ಪು, ಅಂಗಿಯ ಚುಂಗು

ಡೆನ್ಜಿಲ್ ತನ್ನ ರೈಫಲ್ಲಿಗೆ ಹೊಸ ಹ್ಯಾಂಡ್‌ಗಾರ್ಡನ್ನು ತಾನೇ ಕೂರಿಸಿಕೊಂಡ ಅನ್ನುವ ಸುದ್ದಿ ನನಗೆ ಗೊತ್ತಾದದ್ದು ಚರ್ಚಿನ ಊಟದಲ್ಲಿ, ತಟ್ಟೆಗೆ ಬೀನ್ಸ್ ಹಾಕಿಕೊಳ್ಳುತ್ತಿದ್ದಾಗ. ಹೇಳಿದವಳು ಅವನ ಹೆಂಡತಿ ನೆಡ್ರಾ. ಮೊಮ್ಮಗ ಡಾಕ್ಟರಾದ ಅನ್ನುವಷ್ಟು ಹೆಮ್ಮೆಯಿಂದ ಹೇಳಿದಳು.

“ಫೋನಲ್ಲಿ ವಿಡಿಯೋ ನೋಡ್ಕೊಂಡು ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಟ್ಟ ಕಣೆ ರೀಥಾ. ಅದು ದುಡ್ಡು ಕೊಟ್ಟು ಮಾಡ್ಸೋ ಕೆಲಸವೇ ಅಲ್ವಂತೆ.”

ನನಗೆ ಮೈಯೆಲ್ಲ ಉರಿಯಿತು. ದುಡ್ಡು ಕೊಟ್ಟು ಅಂದರೆ ಯಾರಿಗೆ ಕೊಟ್ಟು? ಈ ಕಣಿವೆಯಲ್ಲಿ ಬಂದೂಕು ರಿಪೇರಿ ಮಾಡುವವನು ಒಬ್ಬನೇ, ನನ್ನ ಗಂಡ ಓಕಿ. ಡೆನ್ಜಿಲ್ ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಈಗ ಸ್ಕೂಲ್ ಬಸ್ಸು ಓಡಿಸುತ್ತಾನೆ. ಬಂದೂಕಿನ ಒಂದು ತಿರುಪು ಸಡಿಲವಾದರೂ ನಮ್ಮ ಬಾಗಿಲು ಬಡಿಯುತ್ತಿದ್ದ ಮನುಷ್ಯ. ಹ್ಯಾಂಡ್‌ಗಾರ್ಡ್ ಅಂದರೆ ಬ್ರಹ್ಮವಿದ್ಯೆಯೇನಲ್ಲ, ನಳಿಗೆ ಕಾದು ಕೈ ಸುಡದಿರಲಿ ಅಂತ ಅದರ ಸುತ್ತ ಹಾಕುವ ಹಿಡಿ. ಆದರೆ ಡೆನ್ಜಿಲ್‌ನ ರೈಫಲ್ಲಿನಲ್ಲಿ ಅದನ್ನು ಬದಲಾಯಿಸಬೇಕಾದರೆ ನಳಿಗೆಯನ್ನು ಹಿಡಿದಿಟ್ಟಿರುವ ದೊಡ್ಡ ನಟ್ಟನ್ನೇ ಬಿಚ್ಚಿ ಮತ್ತೆ ಬಿಗಿಯಬೇಕು.

ನಮ್ಮ ಅಂಗಡಿಯ ಬಾಗಿಲ ಮೇಲೆ ಓಕಿಯ ಅಪ್ಪ ಬರೆಸಿದ ಹಲಗೆಯೊಂದಿದೆ. ಕೆಲಸ ನಾವು ಮಾಡಿದರೆ ಒಂದು ದರ, ನೀವು ನೋಡುತ್ತಾ ನಿಂತರೆ ಅದರ ಎರಡರಷ್ಟು, ಸಹಾಯ ಮಾಡಿದರೆ ಮೂರರಷ್ಟು, ಮೊದಲೇ ಕೈ ಹಾಕಿ ಕೆಡಿಸಿ ತಂದಿದ್ದರೆ ನಾಲ್ಕರಷ್ಟು. ಜನ ಓದಿ ನಗುತ್ತಿದ್ದರು, ನಕ್ಕು ಬಂದೂಕು ಕೊಟ್ಟು ಹೋಗುತ್ತಿದ್ದರು. ಓಕಿಗೆ ಲಕ್ವ ಹೊಡೆದ ಮೇಲೆ ಅದನ್ನು ಓದುವವರೇ ಇಲ್ಲ. ಮಾತು ಸರಿಹೋಯಿತು, ನಡಿಗೆ ಸರಿಹೋಯಿತು, ಎಡಗೈ ಮೊದಲಿನ ಹಾಗೇ ಇದೆ. ಬಲಗೈಯಲ್ಲಿ ಮಾತ್ರ ಬಲವಿಲ್ಲ. ಜನ ಬಂದು ಬಾಗಿಲಲ್ಲಿ ನಿಂತು, “ಹೇಗಿದೀಯಪ್ಪ ಓಕಿ, ವಿಶ್ರಾಂತಿ ತಗೋ” ಅಂತ ಹೇಳಿ, ಸೇಬು ಬೇಯಿಸಿ ಅರೆದು ಮಾಡುವ ಸೇಬಿನ ಬೆಣ್ಣೆಯ ಒಂದು ಜಾಡಿ ಇಟ್ಟು ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಆ ಜಾಡಿಗಳನ್ನು ಇಡಲು ಜಾಗವಿಲ್ಲ. ಒಬ್ಬನಾದರೂ ಒಂದು ಬಂದೂಕು ತರಬಾರದೇ ಅಂತ ನಾನು ಒಳಗೊಳಗೇ ಶಪಿಸುತ್ತಿದ್ದೆ.

ಅವತ್ತು ಮನೆಗೆ ಬಂದು ನಾನು ಬಾಯಿ ಬಿಡಲಿಲ್ಲ. ಓಕಿ ಒಲೆಗೆ ಸೌದೆ ಹಾಕುತ್ತಿದ್ದವನು ತಿರುಗದೇ ಹೇಳಿದ.

“ಡೆನ್ಜಿಲ್ ತಾನೇ ಕೂರಿಸ್ಕೊಂಡನಂತೆ.”

“ಯಾರು ಹೇಳಿದ್ದು?”

“ಪೋಸ್ಟ್ ಆಫೀಸಲ್ಲಿ ಹಾರ್ಲೆಸ್.” ಒಲೆಯ ಬಾಗಿಲು ಮುಚ್ಚಿದ. “ಬೇರೆಯವರು ಬಿಟ್ಟಿದ್ದು ಬಿಟ್ರು ಬಿಡು. ಅವನು ಬರ್ತಾನೆ ಅಂದ್ಕೊಂಡಿದ್ದೆ. ಸಾಮಾನು ಕೊಳ್ಳೋ ಪೇಟೆಯವನಿಗೆ ಫೋನ್ ಮಾಡಿದೀನಿ. ಬೇಟೆ ವಾರ ಮುಗಿದ ಮೇಲೆ ಬಂದು ಲೇತು, ಶಿಕಂಜ, ಎಲ್ಲಾ ತಗೊಂಡು ಹೋಗ್ತಾನೆ.”

“ನಿಮ್ಮಪ್ಪ ಬಂದೂಕು ಕಚ್ಚಿಸ್ತಿದ್ದ ಶಿಕಂಜ ಕಣೋ ಅದು.”

“ಅಪ್ಪ ಇಲ್ಲ. ನಾನೂ ಇಲ್ಲದ ಹಾಗೇ.”

ಆ ಮಾತು ಕೇಳಿ ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಡೆನ್ಜಿಲ್‌ನ ಕುತ್ತಿಗೆ ಹಿಸುಕುವ ಮನಸ್ಸು ಬಂತು. ಎರಡನ್ನೂ ಮಾಡದೆ ಆಲೂಗಡ್ಡೆ ಸುಲಿದೆ.

ಇಲ್ಲಿ ಜಿಂಕೆ ಬೇಟೆಯ ಮೊದಲ ಸೋಮವಾರ ಅಂದರೆ ಶಾಲೆಗೂ ರಜೆ, ಡೆನ್ಜಿಲ್‌ನ ಬಸ್ಸಿಗೂ ರಜೆ. ಗಂಡಸರೆಲ್ಲ ಹಿಂದಿನ ಸಂಜೆಯೇ ಬೆಟ್ಟದ ಮೇಲಿನ ತಗಡಿನ ಶಿಬಿರಕ್ಕೆ ಹೋಗುತ್ತಾರೆ. ಗುರಿ ತಪ್ಪಿದವನ ಅಂಗಿಯ ಹಿಂದಿನ ಚುಂಗನ್ನು ಕತ್ತರಿಸಿ, ಹೆಸರು ಬರೆದು, ಗೋಡೆಗೆ ಮೊಳೆ ಹೊಡೆಯುವುದು ಎಲ್ಲ ಶಿಬಿರಗಳಲ್ಲೂ ಇರುವ ಪದ್ಧತಿ. ನಮ್ಮ ಶಿಬಿರದ್ದು ಇನ್ನೊಂದು ಹೆಚ್ಚಿಗೆ. ಗುರಿ ತಪ್ಪಿದವನು “ನನ್ನದಲ್ಲ, ಬಂದೂಕಿನ ತಪ್ಪು” ಅಂದರೆ, ಆ ಬಂದೂಕಿನ ರಿಪೇರಿಗೆ ಕೊನೆಯದಾಗಿ ಕೈ ಹಾಕಿದವನ ಚುಂಗೂ ಹೋಗುತ್ತದೆ. ಕತ್ತರಿ ಹಿಡಿಯುವವನು ಹಾರ್ಲೆಸ್, ಕುರಿಯ ಉಣ್ಣೆ ಕತ್ತರಿಸುವ ಕತ್ತರಿ. ಆ ಗೋಡೆಯ ಮೇಲೆ ಓಕಿಯ ಚುಂಗುಗಳೇ ಒಂದು ಸಾಲು ಇವೆ. ಪ್ರತಿ ವರ್ಷ ಯಾವನೋ ಒಬ್ಬ ಕಳ್ಳ ತನ್ನ ಗುರಿ ತಪ್ಪಿಸಿಕೊಂಡು ತಪ್ಪನ್ನು ಓಕಿಯ ಮೇಲೆ ಹಾಕುತ್ತಿದ್ದ, ಓಕಿ ಬೈದುಕೊಂಡು ಬರುತ್ತಿದ್ದ, ನಾನು ಅಂಚು ಮಡಿಸಿ ಹೊಲಿಯುತ್ತಿದ್ದೆ. ಲಕ್ವ ಆದಮೇಲೆ ಅವನು ಶಿಬಿರಕ್ಕೆ ಹೋಗಿಲ್ಲ. ಬಂದೂಕು ಮುಟ್ಟದವನ ಅಂಗಿಗೆ ಅಲ್ಲೇನು ಕೆಲಸ ಅಂತಿದ್ದ.

ಆ ಸೋಮವಾರ ಮಧ್ಯಾಹ್ನ ನಾವು ಬಕ್‌ವೀಟ್ ಹಿಟ್ಟಿನ ದೋಸೆಯಂಥ ಕೇಕು ತಿನ್ನುತ್ತಾ ಕೂತಿದ್ದಾಗ ಅಡುಗೆಮನೆಯ ಬಾಗಿಲು ತೆರೆಯಿತು. ಡೆನ್ಜಿಲ್. ಮೇಲೆ ಕಿತ್ತಳೆ ಬಣ್ಣದ ಬೇಟೆ ಕೋಟು, ಕೈಯಲ್ಲಿ ರೈಫಲ್ಲಿನ ಚೀಲ. ಕೋಟಿನ ಗುಂಡಿ ಹಾಕಿರಲಿಲ್ಲ. ಅಂಗಿ ಮುಂದೆ ಹೊಕ್ಕುಳ ಕಾಣುವ ಹಾಗೆ ಕತ್ತರಿಸಿ ಹೋಗಿತ್ತು. ತಿರುಗಿ ಬಾಗಿಲು ಮುಚ್ಚಿ ಕೋಟು ಬಿಚ್ಚಿದ, ಹಿಂದೆಯೂ ಇಲ್ಲ. ಚಳಿಗೆ ಹೊಟ್ಟೆ ಕೆಂಪಗಾಗಿತ್ತು.

ಓಕಿ ಫೋರ್ಕು ಕೆಳಗಿಟ್ಟ. “ಹಿಂದಿನದು ಗುರಿ ತಪ್ಪಿದ್ದಕ್ಕೆ. ಮುಂದಿನದು ಯಾಕೆ?”

“ಬಂದೂಕಿನ ತಪ್ಪು ಅಂದೆ.”

“ಅಂದ್ಮೇಲೆ?”

“ಕೊನೆಗೆ ಕೈ ಹಾಕಿದ್ದು ಯಾರು ಅಂತ ಹಾರ್ಲೆಸ್ ಕೇಳ್ದ.” ಡೆನ್ಜಿಲ್ ಹೊಟ್ಟೆಯ ಮೇಲೆ ಕೈ ಅಡ್ಡ ಇಟ್ಟುಕೊಂಡ. “ನಾನೇ ತಾನೆ. ಹಿಂದೆ ಆಗಲೇ ಕತ್ತರಿಸಿ ಆಗಿತ್ತು, ಮುಂದಿನದಕ್ಕೆ ಬಂದ.”

ಓಕಿಯ ಭುಜ ಮೊದಲು ಅಲುಗಿತು. ಆಮೇಲೆ ಬಾಯಿ, ಬಲಗಡೆ ಸ್ವಲ್ಪ ಸೊಟ್ಟ. ನಕ್ಕ. ಮೇಜು ಹಿಡಿದುಕೊಂಡು ನಕ್ಕ, ಕೆಮ್ಮು ಬರುವವರೆಗೆ ನಕ್ಕ. ಲಕ್ವ ಆದಮೇಲೆ ಆ ಶಬ್ದವನ್ನು ನಾನು ಈ ಮನೆಯಲ್ಲಿ ಕೇಳಿರಲಿಲ್ಲ. ನನಗೂ ನಗು ಬರುತ್ತಿತ್ತು, ಆದರೆ ನನ್ನ ಸಿಟ್ಟು ಇನ್ನೂ ಬಾಕಿ ಇತ್ತು.

“ನಗೋದು ಆಮೇಲೆ,” ಅಂದೆ. “ಯಾಕೋ ತರಲಿಲ್ಲ ಇದನ್ನ ನೀನು? ಹುಟ್ಟಿದಾಗಿಂದ ಒಂದು ತಿರುಪು ತಿರುಗಿಸ್ದೋನಲ್ಲ. ನಮ್ಮನೆಗೆ ಬರೋಕೆ ಏನು ಕಾಲು ಬಿದ್ದುಹೋಗಿತ್ತಾ?”

ಡೆನ್ಜಿಲ್ ನೆಲ ನೋಡಿದ. “ಬೈ ರೀಥಾ, ಬೈ. ಆ ನಟ್ಟಿಗೆ ಎರಡೂ ಕೈ ಬೇಕು ಅಂತ ವಿಡಿಯೋದಲ್ಲಿ ನೋಡ್ದೆ. ತಂದುಕೊಟ್ಟು, ಅವನು ನನ್ನ ಮುಖ ನೋಡ್ಕೊಂಡು ‘ಆಗಲ್ಲ ಕಣೋ’ ಅನ್ನೋ ಹಾಗಾದ್ರೆ? ನನಗೆ ಅದನ್ನ ನೋಡೋ ಶಕ್ತಿ ಇರಲಿಲ್ಲ.”

ಓಕಿಯ ನಗು ನಿಂತಿತ್ತು. ಸಿಟ್ಟು ಮಾಡಿಕೊಳ್ಳಲಿಲ್ಲ. “ಆಗಲ್ಲ ಅಂತ ಹೇಳೋದೂ ನನ್ನ ಕೆಲಸವೇ ಕಣೋ ಪೆದ್ದ,” ಅಂದ. “ಅದನ್ನೂ ಕಿತ್ಕೊಂಡ್ಬಿಟ್ರಿ ನೀವೆಲ್ಲ.”

ಡೆನ್ಜಿಲ್ ಕುರ್ಚಿ ಎಳೆದು ಕೂತ. ನಾನು ಅವನ ಮುಂದೆ ಒಂದು ತಟ್ಟೆ ಕೇಕು ಇಟ್ಟೆ. ಇಟ್ಟ ರಭಸಕ್ಕೆ ಸಿರಪ್ಪು ಮೇಜಿಗೆ ಚೆಲ್ಲಿತು, ನಾನೇ ಒರೆಸಿದೆ.

ಅವನು ತಿಂದು ಮುಗಿಸುವಷ್ಟರಲ್ಲಿ ಓಕಿ ಅಂಗಡಿಯ ದೀಪ ಹಾಕಿದ್ದ. ನಾನೂ ಹಿಂದೆಯೇ ಹೋಗಿ ಬಾಗಿಲಿಗೆ ಒರಗಿ ನಿಂತೆ. ಬಂದೂಕು ಖಾಲಿ ಇದೆಯೇ ಅಂತ ಓಕಿ ನೋಡಿದ, ಡೆನ್ಜಿಲ್‌ಗೂ ತೋರಿಸಿದ, ಆಮೇಲೆ ಶಿಕಂಜಕ್ಕೆ ಕಚ್ಚಿಸಿ ಎಡಗೈಯಿಂದ ಹ್ಯಾಂಡ್‌ಗಾರ್ಡ್ ಬಿಚ್ಚಿ ತೆಗೆದ. ಒಳಗಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದ. ಅದು ಅಲ್ಲಾಡಿತು.

“ಬಿಗಿ ಮಾಡ್ಲಿಲ್ವೇನೋ ಇದನ್ನ?”

“ನಟ್ಟಿನ ಅಂಚಲ್ಲಿರೋ ತೂತು, ಆ ಸಣ್ಣ ಗ್ಯಾಸ್ ಕೊಳವೆ ಹೋಗೋ ತೂತಿಗೆ ಸರಿಯಾಗಿ ಬರೋವರೆಗೂ ತಿರುಗಿಸ್ದೆ. ತೂತು ಕೂಡಿತು, ನಿಲ್ಲಿಸ್ದೆ.”

“ಸಿಕ್ಕ ಮೊದಲನೇ ತೂತಿಗೇ ನಿಲ್ಲಿಸ್ದೆ. ಬಸ್ಸು ಓಡಿಸ್ತೀಯಲ್ಲ, ಮೊದಲ ಸ್ಟಾಪಲ್ಲೇ ಮಕ್ಕಳನ್ನೆಲ್ಲ ಇಳಿಸಿ ಮನೆಗೆ ಹೋಗ್ತೀಯಾ? ಬಿಗಿಯೂ ಬರಬೇಕು, ತೂತೂ ಕೂಡಬೇಕು. ಮನೆ ಹಿಂದೆ ನಾಲ್ಕು ಗುಂಡು ಹೊಡೆದು ನೋಡ್ದಾಗ ಸರಿ ಇತ್ತು ಅಲ್ವಾ? ಆಮೇಲೆ ಸಡಿಲ ಆಗ್ತಾ ಹೋಗಿದೆ.”

“ಮುರಿದುಹೋದ್ರೆ ಅಂತ ಹೆದರಿಕೆ ಆಯ್ತು ಮಾರಾಯ.”

“ಆ ಹೆದರಿಕೆ ಹೋಗ್ಲಿ ಅಂತಾನೇ ಜನ ನನಗೆ ದುಡ್ಡು ಕೊಡೋದು.”

ಉದ್ದ ಹಿಡಿಯ ಪಾನಾ ತೆಗೆದು ನಟ್ಟಿಗೆ ಕೂರಿಸಿದ. ಎಡಗೈಯಿಂದ ಒತ್ತಿದ, ಒಂದಿಷ್ಟು ಬಂತು, ನಿಂತಿತು. ಅಭ್ಯಾಸಬಲದಿಂದ ಬಲಗೈ ಮೇಲೆ ಬಂತು, ಪಾನಾ ಹಿಡಿಯಿತು, ಜಾರಿತು. ಮತ್ತೆ ಹಿಡಿಯಿತು, ಮತ್ತೆ ಜಾರಿತು. ಈ ಕ್ಷಣದಲ್ಲಿ ಡೆನ್ಜಿಲ್ ‘ಬಿಡು ಓಕಿ, ಪರವಾಗಿಲ್ಲ’ ಅಂದರೆ ಪೇಟೆಯವನು ಬಂದು ಎಲ್ಲ ತುಂಬಿಕೊಂಡು ಹೋಗುತ್ತಾನೆ, ನನ್ನ ಗಂಡ ಕಿಟಕಿಯ ಪಕ್ಕ ಕೂತು ಸೇಬಿನ ಬೆಣ್ಣೆ ತಿಂದು ಸಾಯುತ್ತಾನೆ ಅಂತ ನನಗೆ ಖಾತ್ರಿಯಾಗಿತ್ತು.

ಡೆನ್ಜಿಲ್ ಹಾಗೆ ಅನ್ನಲಿಲ್ಲ. ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು ನಿಂತಿದ್ದ.

“ಏನೋ ಗೂಟದ ಹಾಗೆ ನಿಂತಿದೀಯ,” ಅಂದ ಓಕಿ. “ಹಿಡಿ ಇಲ್ಲಿ. ಜೋರು ನಿಂದು, ಲೆಕ್ಕ ನಂದು.”

ಡೆನ್ಜಿಲ್ ಎರಡೂ ಕೈಯಲ್ಲಿ ಪಾನಾ ಹಿಡಿದ. ಅವನ ಕೈಯ ಮೇಲೆ ಓಕಿ ತನ್ನ ಎಡಗೈ ಇಟ್ಟು, ಕಣ್ಣು ಮುಚ್ಚಿದ. “ಒತ್ತು. ಇನ್ನೂ. ಹೆದರಬೇಡ, ಇನ್ನೂ. ಮೆಲ್ಲಗೆ. ಸಾಕು.” ಕಣ್ಣು ಬಿಟ್ಟು ನೋಡಿದ. ತೂತು ಕೂಡಿತ್ತು. ನಟ್ಟು ಅಲ್ಲಾಡಲಿಲ್ಲ.

“ಕೆಡಿಸಿ ತಂದಿದ್ದಕ್ಕೆ ನಾಲ್ಕರಷ್ಟು,” ಅಂದ. “ಸಹಾಯ ಮಾಡಿದ್ದಕ್ಕೆ ಅದರ ಮೇಲೆ ಮೂರರಷ್ಟು. ಅವಳು ನೋಡ್ತಾ ನಿಂತಿದಾಳಲ್ಲ, ಅದೂ ನಿನ್ನ ಲೆಕ್ಕಕ್ಕೇ.”

“ಹಗಲು ದರೋಡೆ ಇದು.”

“ಹೌದು. ಫೋನಿಗೆ ಹೇಳ್ಕೋ.”

ಡೆನ್ಜಿಲ್ ಪರ್ಸು ತೆಗೆದು ಎಣಿಸದೆ ಮೇಜಿನ ಮೇಲಿಟ್ಟ. ಓಕಿ ಬೇಡ ಅನ್ನಲಿಲ್ಲ, ಜೇಬಿಗೆ ಹಾಕಿಕೊಂಡ. ನನಗೆ ಅದೇ ಹಬ್ಬ. ಆಮೇಲೆ ಇಬ್ಬರೂ ಹಿತ್ತಲಿನ ದಿಣ್ಣೆಗೆ ಹೋಗಿ ನನ್ನ ಹಳೇ ಅಲ್ಯೂಮಿನಿಯಂ ತಟ್ಟೆಯೊಂದನ್ನು ನಿಲ್ಲಿಸಿ ಹೊಡೆದು ನೋಡಿದರು. ತೂತುಗಳೆಲ್ಲ ಒಂದು ಬಿಸ್ಕತ್ತು ಮುಚ್ಚುವಷ್ಟು ಜಾಗದಲ್ಲೇ ಇದ್ದವು.

ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಟರ್ಕಿ ಕೋಳಿಯ ಊಟ ಆಯಿತು. ಪೇಟೆಯವನಿಗೆ ಬರಬೇಡ ಅಂತ ಓಕಿ ಇನ್ನೂ ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ಒಂದು ಬಂದೂಕಿನಿಂದ ಅಂಗಡಿ ತೆರೆದ ಹಾಗಾಗುವುದಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಶನಿವಾರ ಬೆಳಿಗ್ಗೆ ನೋಡುತ್ತೇನೆ, ಕನ್ನಡಿಯ ಮುಂದೆ ನಿಂತು ಅಂಗಿ ಹಾಕಿಕೊಳ್ಳುತ್ತಿದ್ದಾನೆ. ಹೋದ ಕ್ರಿಸ್‌ಮಸ್‌ಗೆ ನಾನು ಕೊಟ್ಟ ಕೆಂಪು-ಕಪ್ಪು ಚೌಕಳಿಯ ಅಂಗಿ, ಉದ್ದ ಚುಂಗಿನದು. ಪ್ಯಾಂಟಿನೊಳಗೆ ಸೇರಿಸದೆ ಇಳಿಬಿಟ್ಟಿದ್ದ.

“ಎಲ್ಲಿಗೆ ಸವಾರಿ?”

“ಶಿಬಿರಕ್ಕೆ. ಸುಮ್ನೆ ಕಾಫಿ ಕುಡಿದು ಬರ್ತೀನಿ.”

“ಸುಮ್ನೆ ಕಾಫಿಗೆ ಒಳ್ಳೇ ಅಂಗಿ ಯಾಕೋ?”

ಕೋಟು ತೊಟ್ಟು ಹೊರಟೇಬಿಟ್ಟ.

ಕತ್ತಲಾಗುವ ಮೊದಲು ಬಂದ. ಬಾಗಿಲಲ್ಲೇ ಬೈಗುಳ ಶುರುವಾಗಿತ್ತು. ಕೋಟು ಬಿಚ್ಚಿ ಒಲೆಗೆ ಬೆನ್ನು ಮಾಡಿ ನಿಂತ. ನಾನು ಸುತ್ತಿ ಹೋಗಿ ನೋಡಿದೆ. ನಾನು ಕೊಟ್ಟ ಚೌಕಳಿ ಅಂಗಿ ಸೊಂಟದ ಹತ್ತಿರ ಹಲ್ಲುಹಲ್ಲಾಗಿ ಮುಗಿದುಹೋಗಿತ್ತು. ಕುರಿ ಕತ್ತರಿಯ ಕೆಲಸ.

“ಗುರಿ ತಪ್ಪಿಸಿದ್ದು ಯಾರು?”

“ಇನ್ಯಾರು? ಆ ಡೆನ್ಜಿಲ್. ಜಿಂಕೆ ಅವನ ಮುಂದೆ ಬಂದು ಹಸುವಿನ ಹಾಗೆ ನಿಂತಿತ್ತಂತೆ. ಫ್ಲಾಸ್ಕು ತೆರೆದು ಕಾಫಿ ಕುಡೀತಾ ಇದ್ನಂತೆ, ಕನ್ನಡಕಕ್ಕೆಲ್ಲ ಹಬೆ. ಹೊಡೆದಿದ್ದು ಮರಕ್ಕೆ. ಶಿಬಿರಕ್ಕೆ ಬಂದು, ಎಲ್ಲರ ಮುಂದೆ ನಿಂತು, ಬಂದೂಕಿನ ತಪ್ಪು ಅಂತಾನೆ ರೀಥಾ. ಓಕಿ ಮಾಡಿಕೊಟ್ಟಿದ್ದು ಸರಿ ಇಲ್ಲ ಅಂತಾನೆ.”

“ಹಾರ್ಲೆಸ್ ಏನಂದ?”

“ಕತ್ತರಿ ತಂದ, ಇನ್ನೇನು. ಇಬ್ಬರದೂ ಹೋಯ್ತು. ಬಿಸ್ಕತ್ತಿನಷ್ಟು ಜಾಗದಲ್ಲಿ ಹೊಡೆಯೋ ಬಂದೂಕು ಅದು. ಸುಳ್ಳ. ನಾಚಿಕೆಗೆಟ್ಟವನು.”

ಡೆನ್ಜಿಲ್ ಬೇಕಂತಲೇ ಗುರಿ ತಪ್ಪಿಸಿದನೇ ಅಂತ ನಾನು ಯೋಚಿಸಿದೆ. ಇಲ್ಲ, ಒಂದು ಜಿಂಕೆಯ ಮಾಂಸ ಬಿಟ್ಟುಕೊಡುವ ಪುಣ್ಯಾತ್ಮ ಅಲ್ಲ ಅವನು. ಆದರೆ ತಪ್ಪನ್ನು ಓಕಿಯ ಮೇಲೆ ಹಾಕಿದ್ದು ಬೇಕಂತಲೇ. ಹೋದ ವಾರ ಅವನ ಕುತ್ತಿಗೆ ಹಿಸುಕಬೇಕು ಅನಿಸಿತ್ತು, ಈಗ ಒಂದು ಇಡೀ ಸೇಬಿನ ಪೈ ಮಾಡಿ ಕಳಿಸಬೇಕು ಅನಿಸಿತು.

ಊಟದ ಉದ್ದಕ್ಕೂ ಬೈದ. ಎರಡು ಸಲ ಸಾರು ಹಾಕಿಸಿಕೊಂಡು ಬೈದ. ಆಮೇಲೆ ಬಾಯಿ ಒರೆಸಿಕೊಂಡು, “ಆ ಪೇಟೆಯವನಿಗೆ ಬರೋದು ಬೇಡ ಅಂತ ಒಂದು ಫೋನ್ ಮಾಡ್ಬಿಡು,” ಅಂದ.

“ನೀನೇ ಕರೆದಿದ್ದು, ನೀನೇ ಮಾಡು.”

“ನನಗೆಲ್ಲಿ ಪುರುಸೊತ್ತು? ಸೋಮವಾರ ಹಾರ್ಲೆಸ್ ತನ್ನ ಬಂದೂಕು ತರ್ತಾನೆ. ಅವನೂ ಮನೇಲಿ ಏನೋ ಬಿಚ್ಚಿ ಕೂತಿದಾನೆ.”

ನಾನು ಸೂಜಿ ದಾರ ತೆಗೆದೆ, ಅಂಗಿ ಕೊಡು, ಅಂಚು ಮಡಿಸಿ ಹೊಲಿಯುತ್ತೇನೆ ಅಂದೆ. ಬೇಡ, ಹಾಗೇ ಇರಲಿ ಅಂದ. ಮರುದಿನ ಚರ್ಚಿಗೆ ಅದನ್ನೇ ಹಾಕಿಕೊಂಡು ಬಂದ. ಅಷ್ಟು ಚಳಿಯಲ್ಲಿ ಕೋಟು ಬಿಚ್ಚಿ ತೋಳ ಮೇಲೆ ಹಾಕಿಕೊಂಡು, ಎಲ್ಲರಿಗೂ ಬೆನ್ನು ಕಾಣುವ ಹಾಗೆ ನಿಧಾನಕ್ಕೆ ನಡೆದು ಹೋಗಿ, ಮುಂದಿನ ಸಾಲಿನಲ್ಲಿ ಕೂತ.