ಸೋದರಮಾವನ ಪ್ರಶ್ನೆ

ಮನೆ ಮಾರಲು ಬಂದವರಿಗೆ ನಮ್ಮ ಆಫೀಸಿನಲ್ಲಿ ಮೊದಲು ಕೊಡುವುದು ಹದಿನೈದು ಪ್ರಶ್ನೆಗಳ ಒಂದು ಹಾಳೆ. ಮನೆ ಯಾರ ಹೆಸರಿನಲ್ಲಿದೆ, ನಿಮಗೆ ಹೇಗೆ ಬಂತು, ಮೂಲಪತ್ರ ಎಲ್ಲಿದೆ, ಎಲ್ಲಾದರೂ ಅಡವಿಟ್ಟಿದ್ದೀರಾ, ಮಹಡಿ ಕಟ್ಟಲು ಪರವಾನಗಿ ಇತ್ತೇ, ಪಕ್ಕದವರ ಜೊತೆ ಗೋಡೆಯ ಜಗಳವಿದೆಯೇ, ಇಂಥವು. ಅದರಲ್ಲಿ ಒಂಬತ್ತನೆಯದು ನಾನು ಸೇರಿಸಿದ್ದು: ‘ಮಾರುವವರನ್ನು ಬಿಟ್ಟು ಬೇರೆ ಯಾರಾದರೂ ಮನೆಯಲ್ಲಿ ವಾಸವಾಗಿದ್ದಾರೆಯೇ?’

ನಾನು ಈ ವಕೀಲರ ಬಳಿ ಇಪ್ಪತ್ತಾರು ವರ್ಷದಿಂದ ಟೈಪಿಸ್ಟು. ಹಿಂದೊಮ್ಮೆ ನಮ್ಮಲ್ಲಿ ಪತ್ರ ಮಾಡಿಸಿಕೊಂಡವನೊಬ್ಬ ಹೊಸ ಮನೆಯ ಬೀಗ ತೆಗೆದು ಒಳಗೆ ಹೋದರೆ, ಅಡುಗೆಮನೆಯಲ್ಲಿ ಮಾರಿದವನ ಸೋದರಮಾವ ಆರಾಮವಾಗಿ ಕುಳಿತಿದ್ದನಂತೆ. "ನಾನು ಇಲ್ಲೇ ಇರೋದು. ನೀವ್ಯಾರು?" ಎಂದು ಇವನನ್ನೇ ಕೇಳಿದನಂತೆ. ಆ ಪುಣ್ಯಾತ್ಮನನ್ನು ಎಬ್ಬಿಸಲು ನಾಲ್ಕು ವರ್ಷ ಹಿಡಿಯಿತು. ಅಂದೇ ನಾನು ಒಂಬತ್ತನೆಯ ಪ್ರಶ್ನೆಯನ್ನು ತೂರಿಸಿದೆ. ವಕೀಲರು ನಕ್ಕು, ಇರಲಿ ಎಂದರು. ಅದಕ್ಕೆ ಆಫೀಸಿನಲ್ಲಿ ಸೋದರಮಾವನ ಪ್ರಶ್ನೆ ಎಂದೇ ಹೆಸರಾಯಿತು.

ಕೆಲಸದ ವಿಷಯದಲ್ಲಿ ನಾನು ಕೆಟ್ಟ ಕಟ್ಟುನಿಟ್ಟು. ಪತ್ರದಲ್ಲಿ ಖಾಲಿ ಜಾಗ ಬಿಡುವವರನ್ನು ಕಂಡರೆ ನನಗೆ ಮೈಯುರಿ. ಆಮೇಲೆ ಯಾರು ಏನನ್ನಾದರೂ ತುಂಬಬಹುದು. ತುಂಬಲು ಏನೂ ಇಲ್ಲದಿದ್ದರೆ ಅಲ್ಲಿ ಗೆರೆ ಎಳೆಯಬೇಕು. ಇನ್ನೊಂದು ನಿಯಮ, ಪತ್ರದಿಂದ ಯಾರಿಗೆ ಲಾಭವೋ ಅವರು ಅದನ್ನು ಟೈಪು ಮಾಡುವಂತಿಲ್ಲ, ಸಾಕ್ಷಿ ಹಾಕುವಂತಿಲ್ಲ. ನಮ್ಮಲ್ಲಿ ಪ್ರತಿ ಪತ್ರಕ್ಕೂ ಒಂದನೇ ಸಾಕ್ಷಿ ನಾನೇ, ಏಕೆಂದರೆ ಕೈಗೆ ಸಿಗುವವಳು ನಾನು. ಆದ್ದರಿಂದ ಈ ನಿಯಮವನ್ನು ನನ್ನಷ್ಟು ಅರೆದು ಕುಡಿದವರು ಇನ್ನೊಬ್ಬರಿಲ್ಲ.

ಆ ಮಂಗಳವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ, ಹಿಂದಿನ ಸಂಜೆ ನಾನು ಹೊರಟ ಮೇಲೆ ಬಂದ ಹೊಸ ಫೈಲೊಂದು ಇತ್ತು. ಪ್ರಶ್ನೆಯ ಹಾಳೆಯನ್ನು ಭರ್ತಿ ಮಾಡಿದ ಅಕ್ಷರ ನನ್ನ ತಮ್ಮನದು. ಆ ಕೈ ಹಿಡಿದು ತಿದ್ದಿಸಿದವಳು ನಾನು, ಗುರುತು ಸಿಗದೆ ಇರುತ್ತದೆಯೇ. ಮಾರುವ ಮನೆ ನಮ್ಮ ಮನೆ. ಒಂಬತ್ತನೆಯ ಪ್ರಶ್ನೆಯ ಮುಂದೆ ‘ಇಲ್ಲ’ ಎಂದು ಬರೆದಿದ್ದ.

ಒಂದು ಗಂಟೆಯ ಹಿಂದೆ ಅದೇ ಮನೆಯಲ್ಲಿ ನಾನು ಅವನಿಗೆ ಕಾಫಿ ಕೊಟ್ಟು ಬಂದಿದ್ದೆ. ಕುಡಿದು, ಲೋಟ ಕೆಳಗಿಟ್ಟು, ಸಕ್ಕರೆ ಕಮ್ಮಿ ಎಂದಿದ್ದ. ಬಾಯಿಬಿಟ್ಟು ಹೇಳುವ ಧೈರ್ಯ ಇಲ್ಲದವನು ಫೈಲಿನ ಕೈಯಲ್ಲಿ ಹೇಳಿಸಿದ್ದ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅವನ ‘ಇಲ್ಲ’ವನ್ನು ಪಕ್ಕಕ್ಕಿಟ್ಟು, ಶುದ್ಧ ಪ್ರತಿಯಲ್ಲಿ ‘ಇದ್ದಾರೆ. ಮಾರುವವರ ಅಕ್ಕ, ಮಹಡಿಯ ಕೋಣೆಯಲ್ಲಿ’ ಎಂದು ಟೈಪು ಮಾಡಿ ವಕೀಲರ ಮುಂದಿಟ್ಟೆ.

ವಕೀಲರು ಓದಿ ಕನ್ನಡಕ ತೆಗೆದರು. "ಕೂತ್ಕೊಳ್ಳಿ" ಎಂದರು. ಇಪ್ಪತ್ತಾರು ವರ್ಷದಲ್ಲಿ ಅವರು ನನಗೆ ಕಕ್ಷಿದಾರರ ಕುರ್ಚಿ ತೋರಿಸಿದ್ದು ಅದೇ ಮೊದಲು.

"ಇರೋದು ಬೇರೆ, ಇರೋ ಹಕ್ಕು ಬೇರೆ. ನಿಮಗೆ ನಾನು ಹೇಳ್ಬೇಕಾ?"

"ಬೇಡ ಸಾರ್. ಈ ಮಾತನ್ನ ಎಷ್ಟೋ ಜನಕ್ಕೆ ನಾನೇ ಹೇಳಿದೀನಿ."

"ದಾನಪತ್ರದಲ್ಲಿ ನಿಮ್ಮ ಬಗ್ಗೆ ಒಂದು ಸಾಲೂ ಇಲ್ವಲ್ಲ. ನಿಮ್ಮ ತಂದೆಗೆ ಹೊಳೀಲೇ ಇಲ್ವಾ?"

ಹೊಳೆದಿತ್ತು.

ಹನ್ನೊಂದು ವರ್ಷದ ಹಿಂದೆ ಅಪ್ಪ ಇದೇ ಆಫೀಸಿಗೆ ಬಂದಿದ್ದರು. ಗಡಿಯಾರ ರಿಪೇರಿ ಮಾಡುತ್ತಿದ್ದವರು; ಮಾತೂ ಹಾಗೆಯೇ, ಅಳೆದು ತೂಗಿ. ಮರುದಿನ ಆಪರೇಷನ್ನಿಗೆ ಆಸ್ಪತ್ರೆ ಸೇರಬೇಕಿತ್ತು. ವಕೀಲರು ಊರಲ್ಲಿರಲಿಲ್ಲ, ಸಹಿ ಹಾಕಿದ ಖಾಲಿ ನಮೂನೆ ನನ್ನ ಬಳಿ ಬಿಟ್ಟು ಹೋಗಿದ್ದರು. ಅಪ್ಪ ಹೇಳುತ್ತಾ ಹೋದರು, ನಾನು ಟೈಪು ಮಾಡುತ್ತಾ ಹೋದೆ. ಮನೆ ಮಗನಿಗೆ. "ಮಹಡಿ ಮೇಲಿನ ಕೋಣೆಯಲ್ಲಿ ಮಗಳು ಬದುಕಿರೋ ತನಕ ಇರ್ತಾಳೆ, ಅವಳನ್ನ ಯಾರೂ ಎಬ್ಬಿಸೋ ಹಾಗಿಲ್ಲ. ಇದನ್ನೂ ಹಾಕು" ಎಂದರು.

ನನ್ನ ಬೆರಳು ನಿಂತವು. "ಅಪ್ಪಾ, ಈ ಸಾಲು ಇದ್ರೆ ನಾನು ಟೈಪು ಮಾಡೋ ಹಾಗಿಲ್ಲ. ಸಾಕ್ಷಿನೂ ಹಾಕೋ ಹಾಗಿಲ್ಲ. ವಕೀಲರು ಬರಲಿ, ಮುಂದಿನ ವಾರ ಮಾಡೋಣ" ಎಂದೆ.

ಪಕ್ಕದಲ್ಲಿದ್ದ ತಮ್ಮ, "ಮುಂದಿನ ವಾರ ಯಾರು ಎಲ್ಲಿರ್ತಾರೋ. ನಮ್ಮನಮ್ಮಲ್ಲಿ ಇದೆಲ್ಲ ಬರೀಬೇಕಾ ಅಕ್ಕ? ನಿನ್ನ ನಾನು ಹೊರಗೆ ಹಾಕ್ತೀನಾ?" ಎಂದ. ಅಪ್ಪ ನನ್ನ ಮುಖ ನೋಡಿದರು. "ನೀನೇ ತಿಳಿದವಳು. ನೀನು ಹೇಳಿದ ಹಾಗೆ" ಎಂದರು.

ನಾನು ಆ ಸಾಲನ್ನು ಬಿಟ್ಟೆ. ಬೇರೆ ಯಾರ ಪತ್ರವಾಗಿದ್ದರೂ ಬೀದಿಯ ಕೊನೆಯಲ್ಲಿದ್ದ ಇನ್ನೊಬ್ಬ ಟೈಪಿಸ್ಟಿನ ಬಳಿ ಕಳಿಸುತ್ತಿದ್ದೆ, ಹತ್ತು ನಿಮಿಷದ ಕೆಲಸ. ಆದರೆ ತನ್ನ ಪಾಲನ್ನು ತಾನೇ ಕೇಳಿ ಬರೆಸಿಕೊಂಡಳು ಎಂದು ಜನ ಆಡಿಕೊಳ್ಳುತ್ತಾರಲ್ಲ ಎಂದು ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ, ನಾಚಿಕೆಗಿಂತ ಹೆಚ್ಚಾಗಿ ಜಂಬ. ಒಂದನೇ ಸಾಕ್ಷಿಯಾಗಿ ಸಹಿ ಹಾಕುವಾಗ ನನ್ನ ಪ್ರಾಮಾಣಿಕತೆಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಪತ್ರ ಅಂದೇ ನೋಂದಣಿಯೂ ಆಯಿತು. ಅಪ್ಪ ಆಸ್ಪತ್ರೆಯಿಂದ ಬರಲಿಲ್ಲ. ನನ್ನ ತಲೆಯ ಮೇಲೆ ನಾನೇ ಚಪ್ಪಡಿ ಎಳೆದುಕೊಂಡಿದ್ದು ಗೊತ್ತಾಗಲು ಹನ್ನೊಂದು ವರ್ಷ ಬೇಕಾಯಿತು.

ಆ ಸಂಜೆ ತಮ್ಮ ಬಾಗಿಲಲ್ಲೇ ಕಾದಿದ್ದ. ಅವನದು ಡ್ರೈವಿಂಗ್ ಸ್ಕೂಲು. ಊರಿಗೆಲ್ಲ ಬ್ರೇಕು ಹಾಕುವುದನ್ನು ಕಲಿಸುವವನು.

"ಒಂಬತ್ತಕ್ಕೆ ಇದ್ದಾರೆ ಅಂತ ಯಾಕೆ ಹಾಕ್ದೆ? ತಗೊಳ್ಳೋರು ಹೆದರ್ಕೋತಾರೆ."

"ಇದೀನಲ್ಲ. ಅದಕ್ಕೆ ಹಾಕ್ದೆ."

"ನಾವು ಹೋಗ್ತಿರೋ ಕಡೆ ಎರಡೇ ರೂಮು ಅಕ್ಕ. ನಿನಗೂ ಎಲ್ಲಾದ್ರೂ ಒಂದು ಕಡೆ ನೋಡೋಣ."

"ನೀನು ಅಪ್ಪನ ಮುಂದೆ ಏನಂದೆ, ನೆನಪಿದೆಯಾ?"

ಅವನು ಬೈಕಿನ ಕೀಲಿಯನ್ನು ತಿರುಗಿಸುತ್ತಾ ನಿಂತ. ನಂತರ ಮೆಲ್ಲಗೆ, "ಬರೀದೇ ಇದ್ದಿದ್ದು ನೀನೇ ಅಲ್ವಾ" ಎಂದ. ಆ ಕ್ಷಣ ಅವನನ್ನು ಮನಸಾರೆ ದ್ವೇಷಿಸಿದೆ, ಹೇಳಿದ್ದು ನಿಜವಾಗಿದ್ದರಿಂದ ಇನ್ನಷ್ಟು.

ಕೊಳ್ಳುವವಳು ಒಬ್ಬ ನರ್ಸು. ಎರಡು ದಿನದ ಮೇಲೆ ಪಾಳಿ ಮುಗಿಸಿ, ಊದಿದ ಕಾಲು ಎಳೆದುಕೊಂಡು, ನೇರ ನನ್ನ ಮೇಜಿಗೇ ಬಂದಳು.

"ಮಾರ್ತಿರೋರ ಅಕ್ಕ ನೀವೇ ಅಂತೆ. ನಿಜ ಹೇಳಿ, ಆ ಮನೇಲಿ ಏನಾದ್ರೂ ತೊಡಕಿದೆಯಾ? ಬಾಡಿಗೆ ಮನೆ ಬದಲಾಯಿಸಿ ಬದಲಾಯಿಸಿ ನಮ್ಮಮ್ಮಂಗೂ ನನಗೂ ಸಾಕಾಗಿದೆ. ಮತ್ತೆ ಮೋಸ ಹೋದ್ರೆ ಏಳೋ ಶಕ್ತಿ ಇಲ್ಲ."

‘ಸ್ವಲ್ಪ ಯೋಚ್ನೆ ಮಾಡಿ’ ಎಂದರೂ ಸಾಕಿತ್ತು, ಆಕೆ ಹೆದರಿ ಓಡುತ್ತಿದ್ದಳು. ನನ್ನ ಕೋಣೆ ಇನ್ನೊಂದಷ್ಟು ಕಾಲ ಉಳಿಯುತ್ತಿತ್ತು. ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಸುಳ್ಳು ಟೈಪು ಮಾಡದವಳಿಗೆ ಸುಳ್ಳು ಆಡಲೂ ಬರಲಿಲ್ಲ, ಹಾಳು ಅಭ್ಯಾಸ.

"ತೊಡಕಿಲ್ಲಮ್ಮ. ಪತ್ರ ಶುದ್ಧವಾಗಿದೆ. ನಾನೇ ಟೈಪು ಮಾಡಿದ್ದು."

ಆಕೆಯ ಮುಖ ಅರಳಿತು. "ಆ ಮಹಡಿ ರೂಮು ಎಷ್ಟು ಚೆನ್ನಾಗಿದೆ. ಯಾರೋ ಕಿಟಕಿ ಹತ್ರ ಮೇಜು ಹಾಕ್ಕೊಂಡಿದಾರೆ. ಅಲ್ಲೇ ಅಮ್ಮನ ಮಂಚ ಹಾಕ್ತೀನಿ."

"ಮೂರು ಗಂಟೆಗೆ ನೇರ ಬಿಸಿಲು ಬೀಳತ್ತೆ. ದಪ್ಪ ಪರದೆ ಹಾಕ್ಸಿ" ಎಂದೆ.

ಅಷ್ಟಕ್ಕೇ ಮುಗಿಯಲಿಲ್ಲ. ನರ್ಸಿನ ಕಡೆಯ ವಕೀಲರು ಸೋದರಮಾವನ ಪ್ರಶ್ನೆಯ ಉತ್ತರ ಓದಿ, ಮಹಡಿಯ ಅಕ್ಕನಿಂದ ಒಂದು ಒಪ್ಪಿಗೆ ಪತ್ರ ಬೇಕು ಎಂದು ಕೇಳಿದರು. ತನಗೆ ಆ ಮನೆಯಲ್ಲಿ ಯಾವ ಹಕ್ಕೂ ಇಲ್ಲ, ಕೋಣೆ ಬಿಟ್ಟಾಗಿದೆ, ಈಗ ಅಲ್ಲಿ ವಾಸವಿಲ್ಲ ಎಂದು ಆಕೆ ಬರೆದುಕೊಡಬೇಕು. ನನ್ನ ಪ್ರಶ್ನೆ ಸುತ್ತಿ ಬಳಸಿ ನನ್ನ ಕಾಲಿಗೇ ಸುತ್ತಿಕೊಂಡಿತು.

ನನಗೆ ಸಂಬಂಧಪಟ್ಟ ಪತ್ರ, ಆದ್ದರಿಂದ ನಾನು ಟೈಪು ಮಾಡುವಂತಿರಲಿಲ್ಲ. ವಕೀಲರು ನನ್ನ ಯಂತ್ರದ ಮುಂದೆ ಕುಳಿತು ಒಂದೇ ಬೆರಳಿನಲ್ಲಿ ಕುಟ್ಟತೊಡಗಿದರು. ನಾನು ಎದುರಿನ ಕುರ್ಚಿಯಲ್ಲಿ, ನನ್ನ ಪಕ್ಕದಲ್ಲಿ ತಮ್ಮ. ನನ್ನ ಎರಡು ಸೂಟ್‌ಕೇಸು ಬೆಳಿಗ್ಗೆಯೇ ಆಫೀಸಿನ ಫೈಲು ಕೋಣೆಗೆ ಬಂದಿದ್ದವು.

ಹೆಸರು, ವಯಸ್ಸು, ಉದ್ಯೋಗ ಆಯಿತು. ‘ವಾಸ’ ಎಂಬಲ್ಲಿ ವಕೀಲರ ಬೆರಳು ನಿಂತಿತು.

"ನಮ್ಮನೆ ವಿಳಾಸನೇ ಹಾಕಿ ಸಾರ್" ಎಂದ ತಮ್ಮ.

"ಅದು ಹೇಗ್ರೀ ಹಾಕೋದು? ಅಲ್ಲಿ ವಾಸ ಇಲ್ಲ ಅಂತ ಬರೆಯೋದಕ್ಕೇ ಈ ಪತ್ರ." ವಕೀಲರು ನನ್ನತ್ತ ತಿರುಗಿದರು. "ಏನಂತ ಹಾಕ್ಲಿ?"

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಎಷ್ಟು ಸಾವಿರ ವಿಳಾಸ ಟೈಪು ಮಾಡಿದ್ದೇನೋ, ನನಗೊಂದು ಹೊಳೆಯಲಿಲ್ಲ.

"ಮುಂದಕ್ಕೆ ಟೈಪು ಮಾಡಿ ಸಾರ್, ಅದನ್ನ ನಾನು ನೋಡ್ಕೋತೀನಿ" ಎಂದೆ.

ಮುಗಿದ ಮೇಲೆ ಹಾಳೆಯನ್ನು ಎಳೆದುಕೊಂಡೆ. ಒಂದೆರಡು ತಪ್ಪು ಕಂಡವು, ತಿದ್ದಲಿಲ್ಲ. ‘ವಾಸ’ದ ಮುಂದಿನ ಖಾಲಿ ಜಾಗದಲ್ಲಿ ಪೆನ್ನಿನಿಂದ ನೇರವಾಗಿ ಒಂದು ಗೆರೆ ಎಳೆದು, ಕೆಳಗೆ ಸಹಿ ಮಾಡಿದೆ.