ಪೌಡರ್ ಮೇಸ್ತ್ರಿ

ಡೀಸೆಲ್ಲಿನ ಕಮಟಿನಿಂದ ಮೂಗು ಕಟ್ಟುವ ಆ ಗ್ಯಾರೇಜುಗಳ ಬೀದಿಯಲ್ಲಿ ಆಗತಾನೇ ಮೀಯಿಸಿದ ಕೂಸಿನ ಪರಿಮಳವೊಂದು ಸುಳಿದುಬಂದರೆ, ಮೇಸ್ತ್ರಿ ಬಂದರೆಂದೇ ಅರ್ಥ. ನೀಳಕಾಯದ, ನಡೆಯುವಾಗ ಎಡಗಾಲನ್ನು ಕೊಂಚ ಹೊರಕ್ಕೆ ಎಸೆಯುವ ಆ ವೃದ್ಧರ ಕೋಟಿನ ಜೇಬಿನಲ್ಲಿ ಸದಾ ಒಂದು ಪೌಡರಿನ ಡಬ್ಬಿ ಇರುತ್ತಿತ್ತು. ಅದು ಅವರ ಮುಖಕ್ಕಲ್ಲ, ಇಂಜಿನ್ನಿಗೆ. ಹೀಗಾಗಿ ಪೌಡರ್ ಮೇಸ್ತ್ರಿ ಎಂಬ ಹೆಸರು ನಿಂತುಬಿಟ್ಟಿತು. ಹೆತ್ತವರಿಟ್ಟ ಹೆಸರು ಅವರ ಹೆಂಡತಿಗೂ ಮರೆತುಹೋಗಿದೆ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು.

ಕೋಟಿನ ವಿಚಾರ ಹೇಳದಿದ್ದರೆ ಅವರ ವಿಚಾರ ಹೇಳಿದಂತಾಗುವುದಿಲ್ಲ. ಬೂದುಬಣ್ಣದ್ದು, ಮೊಣಕೈ ಸವೆದದ್ದು, ಉರಿಬಿಸಿಲಿನಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ್ದು. ಗೋಡೆ, ಕುರ್ಚಿ, ಚಹಾದ ಲೋಟ ಮೊದಲ್ಗೊಂಡು ಅಲ್ಲಿನ ಬೆಕ್ಕಿನ ಬಾಲದವರೆಗೆ ಎಣ್ಣೆ ಮೆತ್ತಿಕೊಳ್ಳದ ವಸ್ತುವೇ ಆ ಬೀದಿಯಲ್ಲಿರಲಿಲ್ಲ. ಆ ಕೋಟಿನ ಮೇಲೆ ಮಾತ್ರ ಹುಡುಕಿದರೂ ಒಂದು ಚುಕ್ಕೆ ಸಿಗುತ್ತಿರಲಿಲ್ಲ. ಕೇಳಿದವರಿಗೆ, "ಎಣ್ಣೆ ನನ್ ಮೈಮೇಲೆ ಬಿತ್ತು ಅಂದ್ರೆ, ಅದು ಎಲ್ಲಿಂದ ಬರುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ ಅಂತ ಅರ್ಥ" ಎನ್ನುತ್ತಿದ್ದರು. ಬೇಕಾದರೆ ಜಂಬವೆನ್ನಿ. ಆದರೆ ಆ ಜಂಬವನ್ನು ಅವರು ಕಷ್ಟಪಟ್ಟೇ ಸಂಪಾದಿಸಿದ್ದರು.

ಅವರ ಬಳಿಗೆ ಹಳೆಯ ಲಾರಿಯೊಂದನ್ನು ತಂದ ಚಾಲಕನ ಕಣ್ಣಿನಿಂದ ಅವರನ್ನು ನೋಡುವುದೇ ಸರಿ; ಏಕೆಂದರೆ ಅವನು ಅವರನ್ನು ನಂಬಿ ಬಂದವನಲ್ಲ, ಅವರಿಂದ ಒಂದು ತೀರ್ಪು ಬರೆಸಿಕೊಳ್ಳಲು ಬಂದವನು. ಅಪ್ಪನ ಕಾಲದ ಆ ಲಾರಿಯಲ್ಲಿ ಇಂಜಿನ್ನೂ ಗೇರ್‌ಬಾಕ್ಸೂ ಕೂಡುವ ಸಂದಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅವನ ಭಾವ, ಅಂದರೆ ಅಕ್ಕನ ಗಂಡ, ಸ್ವತಃ ಮೆಕ್ಯಾನಿಕ್. ರಜೆಯ ದಿನ ಲಾರಿಯಡಿ ಅಂಗಾತ ಮಲಗಿ, ಗೇರ್‌ಬಾಕ್ಸ್ ಇಳಿಸಿ, ಇಂಜಿನ್ನಿನ ಹಿಂಭಾಗದಲ್ಲಿ ಎಣ್ಣೆ ತಡೆಯುವ ಸೀಲು ಬದಲಾಯಿಸಿಕೊಟ್ಟಿದ್ದರು. ಆದರೂ ಎಣ್ಣೆ ನಿಲ್ಲಲಿಲ್ಲ, ಚಾಲಕನ ಬಾಯಿಯೂ ನಿಲ್ಲಲಿಲ್ಲ. ಭಾವನ ಗ್ಯಾರೇಜಿಗೇ ಹೋಗಿ, ಅವರ ಗಿರಾಕಿಗಳ ಎದುರಿಗೇ, "ನಿಮ್ ಕೈಗೆ ಕೊಟ್ಟಿದ್ದೇ ನನ್ ತಪ್ಪು ಭಾವ" ಎಂದುಬಿಟ್ಟ. ಅಂದಿನಿಂದ ಭಾವ ಅವನ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಅಕ್ಕ ಬಂದರೆ ಒಬ್ಬಳೇ ಬರುತ್ತಿದ್ದಳು, ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದಳು. ಸೀಲು ಸರಿಯಾಗಿ ಕೂತಿಲ್ಲವೆಂದು ಮೇಸ್ತ್ರಿಯಂಥವರು ಹೇಳಿಬಿಟ್ಟರೆ ತಾನಾಡಿದ ಮಾತು ನ್ಯಾಯವಾಗುತ್ತದೆಂಬುದೇ ಅವನಿಗಿದ್ದ ಆಸೆ.

ಇದನ್ನೆಲ್ಲ ಅವನು ಉಪ್ಪುಖಾರ ಹಚ್ಚಿ ಹೇಳಿದ. ಮೇಸ್ತ್ರಿ ಕೇಳಿಸಿಕೊಂಡು "ಅದಿರ್ಲಿ" ಎಂದರು. ಅದು ಅವರ ಪಲ್ಲವಿ. ಯಾರು ಯಾವ ರೋಗನಿದಾನ ಮಾಡಿಕೊಂಡು ಬಂದರೂ ಆ ಒಂದು ಪದದಿಂದ ಅದನ್ನು ಪಕ್ಕಕ್ಕೆ ಸರಿಸಿ, ತಮ್ಮ ಕೆಲಸ ಶುರು ಮಾಡುತ್ತಿದ್ದರು.

"ಅದಿರ್ಲಿ. ಮೊದ್ಲು ಇಂಜಿನ್ ತೊಳೀರಿ."

"ನಾನಾ? ನಿಮ್ಮಲ್ಲಿ ಕೆಲಸದವ್ರಿಲ್ವಾ?"

"ಗಾಡಿ ನಿಮ್ದು, ಕೊಳೆನೂ ನಿಮ್ದೇ. ತೊಳೀದಿರೋ ಮುಖಕ್ಕೆ ಯಾರಾದ್ರೂ ಪೌಡರ್ ಹಚ್ತಾರೇನ್ರಿ?"

ಇದು ಅವರ ಹಟ. ಒಡೆಯನೇ ತನ್ನ ಕೈಯಾರೆ ತೊಳೆಯದ ಇಂಜಿನ್ನನ್ನು ಅವರು ಮುಟ್ಟುತ್ತಿರಲಿಲ್ಲ. ಚಾಲಕ ಮನಸ್ಸಿನಲ್ಲೇ ಬೈದುಕೊಳ್ಳುತ್ತ, ಬ್ರಷ್ಷು ಹಿಡಿದು, ವರ್ಷಗಳ ಜಿಡ್ಡನ್ನು ಕೆರೆದ. ಕೆರೆದಂತೆಲ್ಲ ಅಪ್ಪನ ಕಾಲದ ಹಸಿರು ಬಣ್ಣ ಅಲ್ಲಲ್ಲಿ ಕಣ್ಣುಬಿಟ್ಟಿತು, ಅವನಿಗೆ ಸಿಟ್ಟು ತುಸು ಇಳಿಯಿತು. ಮೇಸ್ತ್ರಿ ಸ್ಟೂಲಿನ ಮೇಲೆ ಕೂತು, ಬೇರೇನೂ ಕೆಲಸವಿಲ್ಲದವರಂತೆ ಅವನನ್ನೇ ನೋಡುತ್ತಿದ್ದರು.

ಆಮೇಲೆ ಅವರೆದ್ದು ಡಬ್ಬಿ ತೆಗೆದರು. ತೆಳುಬಟ್ಟೆಯಲ್ಲಿ ಪೌಡರ್ ಕಟ್ಟಿ, ತಟ್ಟಿ ತಟ್ಟಿ, ಇಂಜಿನ್ನಿನ ಸಂದುಗೊಂದಿಗಳಿಗೆಲ್ಲ ಬೆಳ್ಳಗೆ ಹಚ್ಚಿದರು. ಅಷ್ಟು ದೊಡ್ಡ ಕಬ್ಬಿಣದ ಮುದ್ದೆ ಮದುವಣಗಿತ್ತಿಯ ಹಾಗೆ ಸುಮ್ಮನೆ ಹಚ್ಚಿಸಿಕೊಂಡಿತು. ಇಂಜಿನ್ ಚಾಲೂ ಆಯಿತು. ಚಾಲಕ ಅಭ್ಯಾಸಬಲದಿಂದ ಬಗ್ಗಿ ನೆಲ ನೋಡತೊಡಗಿದ.

"ಬೀಳೋ ಜಾಗ ಎಲ್ರೂ ನೋಡ್ತಾರೆ," ಮೇಸ್ತ್ರಿ ಅಂದರು. "ಹೊರಡೋ ಜಾಗ ನೋಡಿ."

ತಲೆಯೆತ್ತಿದರೆ, ಮೇಲೆ, ಇಂಜಿನ್ನಿನ ನೆತ್ತಿಯ ಮುಚ್ಚಳದ ಹಿಂದಿನ ಮೂಲೆಯಲ್ಲಿ, ಬಿಳುಪಿನ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆಯೊಂದು ಹುಟ್ಟುತ್ತಿತ್ತು. ಅವಸರವಿಲ್ಲದೆ ಅದು ಕೆಳಗಿಳಿಯಿತು, ಇಂಜಿನ್ನಿನ ಬೆನ್ನ ಹಿಂದೆ ಮರೆಯಾಯಿತು, ಕೊನೆಗೆ ಗೇರ್‌ಬಾಕ್ಸಿನ ಸಂದಿಗೆ ಬಂದು ಹನಿಯಾಗಿ ತೂಗಿತು. ಇಷ್ಟು ದಿನ ತಾನು ನೋಡುತ್ತಿದ್ದದ್ದು ಬರೀ ಅದರ ಕೊನೆಯ ನಿಲ್ದಾಣವೆಂದು ಚಾಲಕನಿಗೆ ಹೊಳೆಯಿತು. ಮೇಸ್ತ್ರಿ ಇಂಜಿನ್ ನಿಲ್ಲಿಸಿ, ಕೆಳಗಿನ ತಗಡು ಬಿಚ್ಚಿ, ಒಳಗೆ ಟಾರ್ಚು ಹಾಯಿಸಿದರು. ಸೀಲು ಸೋರಿದ್ದರೆ ಒದ್ದೆಯಾಗಿರಬೇಕಿದ್ದ ಆ ಜಾಗದಲ್ಲಿ ಒಣಧೂಳು ಬಿಟ್ಟರೆ ಏನೂ ಇರಲಿಲ್ಲ.

"ಸೀಲ್ ಹಾಕಿದ್ದು ನಿಮ್ ಭಾವ ಅಲ್ವಾ? ಚೆನ್ನಾಗಿ ಕೂರ್ಸಿದಾರೆ."

ಚಾಲಕನ ಮುಖ ಹುಳ್ಳಗಾಯಿತು. "ಹಾಗಾದ್ರೆ ಮೇಲಿನ ಮುಚ್ಚಳದ ಪ್ಯಾಕಿಂಗ್ ಹೋಗಿದೆ, ಅದನ್ನ ಬದಲಾಯಿಸ್ಬಿಡಿ," ಎಂದು ಮಾತು ಮುಗಿಸಲು ನೋಡಿದ.

"ಅದಿರ್ಲಿ. ಅದು ಯಾಕೆ ಹೋಯ್ತು?" ಮತ್ತೆ ಇಂಜಿನ್ ಚಾಲೂ ಮಾಡಿಸಿ, ಎಣ್ಣೆ ತುಂಬುವ ಬಾಯಿಯ ಮುಚ್ಚಳ ತೆಗೆದು, ಅವನ ಅಂಗೈಯನ್ನು ಅದರ ಮೇಲಿಟ್ಟರು. ಒಳಗಿನಿಂದ ಯಾರೋ ನೂಕಿದಂತೆ ಬಿಸಿಗಾಳಿ ಅಂಗೈಯನ್ನು ಎತ್ತಿತು. "ಉಸಿರು ಕಟ್ಟಿದೆ ಇದಕ್ಕೆ. ದಾರಿ ಸಿಗ್ದೆ ಎಣ್ಣೆನ ಸಂದಿಂದ ತಳ್ತಿದೆ. ಉಸಿರು ಬಿಡೋ ಪೈಪ್ ಒಂದನ್ನ ಬಿಟ್ಟು ಎಲ್ಲಾ ತೊಳೆದ್ರಲ್ಲ ನೀವು, ಯಾಕೆ?"

ಒಡೆಯನ ಕೈಯಿಂದಲೇ ಏಕೆ ತೊಳೆಸುತ್ತಾರೆಂಬುದು ಆಗ ತಿಳಿಯಿತು. ತೊಳೆಯುವ ಕೈ ಯಾವ ಜಾಗವನ್ನು ತಪ್ಪಿಸಿಕೊಂಡು ಹೋಗುತ್ತದೆಂದು ಅವರು ಅಷ್ಟು ಹೊತ್ತೂ ಕಾದು ನೋಡಿದ್ದರು. ಪೈಪಿನ ತುದಿಗೆ ಒಂದು ಬಟ್ಟೆ ಬಿಗಿದಿತ್ತು, ಎಣ್ಣೆ ಹೀರಿ, ಕಾದು, ಸೌದೆಯಷ್ಟು ಗಟ್ಟಿಯಾಗಿತ್ತು. ದಿಂಬಿನ ಹೊದಿಕೆಯ ತುಂಡು. ನೀಲಿ ಹೂಗಳು ಇನ್ನೂ ಗುರುತು ಸಿಗುವಂತಿದ್ದವು.

"ಈ ಪೈಪಿನ ಹೊಗೆ ಕ್ಯಾಬಿನ್ ಒಳಗೆ ಬರ್ತಿತ್ತು, ಅಮ್ಮಂಗೆ ಅದು ಆಗ್ಬರ್ತಿರ್ಲಿಲ್ಲ," ಚಾಲಕ ಮೆಲ್ಲಗೆ ಹೇಳಿದ. "ಆಸ್ಪತ್ರೆಗೆ ಕರ್ಕೊಂಡ್ ಹೋಗೋವಾಗ ಕಟ್ಟಿದ್ದು. ಎಣ್ಣೆ ಸೋರೋಕೆ ಶುರುವಾಗಿದ್ದು ಆಮೇಲೇನೇ."

ಬೈಗುಳಕ್ಕೆ ಅವನು ಸಿದ್ಧನಾಗಿದ್ದ. ಮೇಸ್ತ್ರಿ ಬೈಯಲಿಲ್ಲ, ಆ ಬಟ್ಟೆಯನ್ನು ಮುಟ್ಟಲೂ ಇಲ್ಲ. "ಬಿಚ್ಚಿ," ಎಂದಷ್ಟೇ ಹೇಳಿ ಸರಿದು ನಿಂತರು. ಗಂಟು ಸುಲಭಕ್ಕೆ ಬಿಡಲಿಲ್ಲ. ಉಗುರು ಮುರಿದುಕೊಂಡು ಬಿಚ್ಚಿದ. ಅಷ್ಟರಲ್ಲಿ ಅವರು ಕಾರ್ಕಿನ ಹಾಳೆಯಿಂದ ಹೊಸ ಪ್ಯಾಕಿಂಗ್ ಕತ್ತರಿಸಿ, ಹದವರಿತು ಬೋಲ್ಟು ಬಿಗಿದರು. ಪೈಪಿಗೆ ಇನ್ನೊಂದು ತುಂಡು ಜೋಡಿಸಿ ಕ್ಯಾಬಿನ್ನಿನ ಹಿಂದಕ್ಕೆ ಒಯ್ದರು. "ಇನ್ ಅಮ್ಮಂಗೂ ತೊಂದ್ರೆ ಇಲ್ಲ." ಮತ್ತೆ ಪೌಡರ್ ಹಚ್ಚಿ ಲಾರಿಯನ್ನು ಒಂದು ಸುತ್ತು ಓಡಿಸಿ ತಂದಾಗ, ಹಚ್ಚಿದ್ದು ಹಚ್ಚಿದ ಹಾಗೇ ಬೆಳ್ಳಗಿತ್ತು. ಚಾಲಕ ಅದನ್ನೂ, ಕಲೆಯಿಲ್ಲದ ಆ ಕೋಟನ್ನೂ ಮತ್ತೆ ಮತ್ತೆ ನೋಡಿದ.

ಹೊರಡುವಾಗ ಮೇಸ್ತ್ರಿ ಆ ಬಟ್ಟೆಯನ್ನು ಕಾಗದದಲ್ಲಿ ಸುತ್ತಿಸಿ, "ಇದನ್ನ ಯಾರಿಗ್ ತೋರಿಸ್ಬೇಕೋ ತೋರ್ಸಿ," ಎಂದರು. ಅವನು ಸಂಜೆಯೇ ಭಾವನ ಗ್ಯಾರೇಜಿಗೆ ಹೋಗಿ, ಗಿರಾಕಿಗಳ ಎದುರಿಗೇ, ಮೇಜಿನ ಮೇಲೆ ಅದನ್ನು ಬಿಚ್ಚಿಟ್ಟ. "ನಿಮ್ ಸೀಲ್ ಸರಿ ಇತ್ತು ಭಾವ. ಇದನ್ನ ಕಟ್ಟಿದ್ದು ನಾನು." ಭಾವ ನೀಲಿ ಹೂಗಳನ್ನು ನೋಡಿದರು. ಆ ದಿಂಬಿನ ಹೊದಿಕೆ ಹೊಲಿದದ್ದು ಅವರ ಹೆಂಡತಿ. ಬಹಳ ಹೊತ್ತು ಕೈ ಒರೆಸಿಕೊಂಡ ಮೇಲೆ ಕೇಳಿದರು: "ಅತ್ತೆ ಹೇಗಿದಾರೆ? ನಾಳೆ ನಿಮ್ಮಕ್ಕನ್ ಜೊತೆ ನಾನೂ ಬರ್ತೀನಿ."

ಸೋರಿದ್ದನ್ನು ಕಂಡು ಬೆರಳು ತೋರಿಸುವವರಿಗೆ ಲೋಕದಲ್ಲಿ ಬರವಿಲ್ಲ. ನೆಲದ ಕಲೆಯನ್ನು ಅಲ್ಲಿಗೇ ಬಿಟ್ಟು, ತಾಳ್ಮೆಯಿಂದ ಅದರ ಹುಟ್ಟಿನವರೆಗೆ ಏರಿ, ಕೊನೆಗೆ ನಾವೇ ಕಟ್ಟಿದ ಗಂಟನ್ನು ನಮ್ಮ ಕೈಗೇ ಒಪ್ಪಿಸಿ, ನಾವದನ್ನು ಬಿಚ್ಚುವಷ್ಟು ಹೊತ್ತು ಮಾತಿಲ್ಲದೆ ಪಕ್ಕದಲ್ಲಿ ನಿಲ್ಲುವವರು ಎಲ್ಲೋ ಒಬ್ಬರು. ಅಂಥವರ ಕೋಟಿನ ಮೇಲೆ ಕಲೆ ಕೂರುವುದಾದರೂ ಹೇಗೆ?